ಉಳಿದ ಸೋರ್‌ಡೋ ಸ್ಟಾರ್ಟರ್‌ನಿಂದ ಬೆಲ್ಲದ ಬಾರ್: ನಡು ಏಕೆ ಅಂಟಾಗುತ್ತದೆ, ಸೋಡಾ ಎಷ್ಟು ಬೇಕು?

ಪ್ರಶ್ನೆ: ನನ್ನ ತವರು ಶಿರಸಿ, ಈಗ ಕಾರವಾರದಲ್ಲಿದ್ದೇನೆ. ವಾರಕ್ಕೆರಡು ಸಲ ಮನೆಯಲ್ಲೇ ಸೋರ್‌ಡೋ ಬ್ರೆಡ್ ಮಾಡುತ್ತೇನೆ. ಅದನ್ನು ಹುಳಿಬರಿಸಲು ಸಾಕುವ ಹಿಟ್ಟು-ನೀರಿನ ಮಿಶ್ರಣಕ್ಕೆ (ಸ್ಟಾರ್ಟರ್) ಹೊಸ ಹಿಟ್ಟು ಹಾಕುವಾಗ ತೆಗೆಯುವ ಹಳೆಯ ಭಾಗವನ್ನು ಚೆಲ್ಲಲು ಮನಸ್ಸಾಗದೆ ಫ್ರಿಜ್ಜಿನಲ್ಲಿ ಒಂದು ಡಬ್ಬಿಗೆ ಹಾಕುತ್ತಾ ಬಂದೆ. ಮೂರು ವಾರವಾದ ಮೇಲೆ ನೋಡಿದರೆ ಮೇಲೆ ಬೂದು ಬಣ್ಣದ ನೀರು ನಿಂತಿತ್ತು. ಅದನ್ನು ಕಲಸಿಯೇ ಬಾರ್ (ಓವನ್ನಿನಲ್ಲಿ ಬೇಯಿಸಿ ತುಂಡು ಮಾಡುವ ಸಿಹಿತಿಂಡಿ) ಮಾಡಿದೆ: ಸ್ಟಾರ್ಟರ್ 200 ಗ್ರಾಂ, ಮೈದಾ ಒಂದು ಕಪ್, ತವರಿನಿಂದ ಬಂದ ಜೋನಿಬೆಲ್ಲ (ದ್ರವರೂಪದ ಬೆಲ್ಲ) 250 ಗ್ರಾಂ, ಬೆಣ್ಣೆ 100 ಗ್ರಾಂ, ಎರಡು ಮೊಟ್ಟೆ, ಒಂದು ಹಿಡಿ ಗೇರುಬೀಜ. ಓಟಿಜಿಯಲ್ಲಿ (ಮನೆಬಳಕೆಯ ಸಣ್ಣ ವಿದ್ಯುತ್ ಓವನ್) 180 ಡಿಗ್ರಿ, 30 ನಿಮಿಷ. ಅಂಚು ಕರಕಲಾಯಿತು, ನಡು ಅಂಟಂಟು, ಬಾಯಿಗಿಟ್ಟರೆ ಹುಳಿ. ಎರಡನೇ ಸಲ ಒಂದು ಟೀ ಚಮಚ ಅಡುಗೆ ಸೋಡಾ ಹಾಕಿದೆ. ಹುಳಿ ಹೋಯಿತು, ಸಾಬೂನಿನ ರುಚಿ ಬಂತು. ಅದೂ ಮೂರನೇ ದಿನಕ್ಕೆ ಬೂಷ್ಟು ಹಿಡಿಯಿತು. ‘ಹಳೇ ಹಿಟ್ಟು ಮಕ್ಕಳಿಗೆ ಕೊಡಬೇಡ, ಹೊಟ್ಟೆ ಕೆಡುತ್ತದೆ’ ಎನ್ನುತ್ತಾರೆ ಅತ್ತೆ. ಗೆಳತಿಯೊಬ್ಬಳು, ಸೋರ್‌ಡೋ ಆದ್ದರಿಂದ ಶುಗರ್ ಇರುವ ಮಾವನವರೂ ತಿನ್ನಬಹುದು ಎನ್ನುತ್ತಾಳೆ. ಯಾರ ಮಾತು ಸರಿ? ನಾನು ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ. ಈ ಹಿಟ್ಟು ತಿನ್ನಲು ಯೋಗ್ಯವೇ ಎಂಬುದು ಒಂದು, ಬಾರ್ ಏಕೆ ಕೆಟ್ಟಿತು ಎಂಬುದು ಇನ್ನೊಂದು. ಒಂದಕ್ಕೊಂದು ಸಂಬಂಧವಿಲ್ಲ. ನಿಮ್ಮ ಬಾರ್ ಅಂಟಾದದ್ದು ಹಿಟ್ಟು ಹಳೆಯದಾದ್ದರಿಂದ ಅಲ್ಲ, ನೀರಿನ ಲೆಕ್ಕ ತಪ್ಪಿದ್ದರಿಂದ.

ಮೊದಲು ಅತ್ತೆಯವರ ಮಾತು. ಅವರ ಎಚ್ಚರಿಕೆಯನ್ನು ಪೂರ್ತಿ ತಳ್ಳಿಹಾಕಬೇಡಿ. ಗಟ್ಟದ ಮೇಲೂ ಕೆಳಗೂ ಹಿಟ್ಟು ಹುಳಿ ಬರಿಸುವುದು ಹೊಸತಲ್ಲ, ನಿಮ್ಮಿಂದ ಅರ್ಧ ತಾಸಿನ ದಾರಿಯ ಗೋವಾದಲ್ಲಿ ಪಾವ್ ಬ್ರೆಡ್ಡಿನ ಹಿಟ್ಟನ್ನು ಶೇಂದಿ ಹಾಕಿಯೇ ಉಬ್ಬಿಸುತ್ತಿದ್ದರು. ಚೆನ್ನಾಗಿ ಹುಳಿಬಂದ ಸ್ಟಾರ್ಟರ್‌ನಲ್ಲಿ ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾ ಮತ್ತು ಯೀಸ್ಟ್ ಒಟ್ಟಿಗಿರುತ್ತವೆ. ಅದರ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 4ರ ಆಸುಪಾಸಿಗೆ, ಕೆಲವೊಮ್ಮೆ ಇನ್ನೂ ಕೆಳಗೆ ಇಳಿದಿರುತ್ತದೆ. ಅಷ್ಟು ಹುಳಿಯಲ್ಲಿ ರೋಗ ತರುವ ಬಹುತೇಕ ಸೂಕ್ಷ್ಮಜೀವಿಗಳು ಬೆಳೆಯಲಾರವು. ಮೇಲೆ ನಿಂತ ಬೂದು ನೀರು ಕೆಟ್ಟದ್ದರ ಗುರುತಲ್ಲ. ತಿನ್ನಲು ಹಿಟ್ಟು ಮುಗಿದು ಹಸಿದ ಸ್ಟಾರ್ಟರ್‌ನಲ್ಲಿ ನೀರು ಬೇರ್ಪಟ್ಟು, ಯೀಸ್ಟ್ ತಯಾರಿಸಿದ ಆಲ್ಕೋಹಾಲ್ ಅದರಲ್ಲಿ ಸೇರಿರುತ್ತದೆ, ಅಷ್ಟೆ. ಫ್ರಿಜ್ಜಿನಲ್ಲಿ ಹೆಚ್ಚು ದಿನ ಇಟ್ಟರೆ ಅದು ಕಪ್ಪಗೂ ಆಗುತ್ತದೆ. ಉಗುರುಬಣ್ಣ ಅಳಿಸುವ ದ್ರಾವಣದ ವಾಸನೆ ಬಂದರೂ ಕಾರಣ ಇದೇ ಹಸಿವು. ಸಿಹಿ ತಿಂಡಿಗೆ ಬಳಸುವುದಾದರೆ ಆ ನೀರನ್ನು ಕಲಸಬೇಡಿ, ಬಗ್ಗಿಸಿ ಚೆಲ್ಲಿ. ಹುಳಿಯ ಒಂದಿಷ್ಟು ಪಾಲು ಅದರೊಂದಿಗೇ ಹೋಗುತ್ತದೆ.

ಅತ್ತೆಯವರ ಮಾತು ನಿಜವಾಗುವ ಸಂದರ್ಭಗಳೂ ಇವೆ. ಸ್ಟಾರ್ಟರ್‌ನಲ್ಲಿ ಗುಲಾಬಿ ಅಥವಾ ಕಿತ್ತಳೆ ಬಣ್ಣದ ಗೆರೆ, ಹಸಿರು, ಕಪ್ಪು ಅಥವಾ ಬಿಳಿ ನಾರುನಾರಾದ ಬೂಷ್ಟು, ಕೊಳೆತ ವಾಸನೆ ಕಂಡರೆ ಡಬ್ಬಿಯಲ್ಲಿರುವುದನ್ನೆಲ್ಲ ಚೆಲ್ಲಬೇಕು. ಮೇಲಿನ ಪದರ ತೆಗೆದು ಕೆಳಗಿನದನ್ನು ಬಳಸುವುದು ಬೇಡ, ಬೇಯಿಸಿದರೆ ಸರಿಹೋದೀತು ಎಂಬ ಲೆಕ್ಕಾಚಾರವೂ ಬೇಡ. ಕೆಲವು ಬೂಷ್ಟಿನ ವಿಷ ಒಲೆಯ ಶಾಖಕ್ಕೆ ನಾಶವಾಗುವುದಿಲ್ಲ. ನಿಮ್ಮ ಪದ್ಧತಿಯಲ್ಲಿ ನನಗೆ ಅಪಾಯ ಕಾಣುವುದೂ ಇಲ್ಲೇ. ವಾರಕ್ಕೆರಡು ಸಲ ಒಂದೇ ಡಬ್ಬಿಗೆ ಸುರಿಯುತ್ತಾ ಹೋದರೆ ತಳದಲ್ಲಿರುವ ಹಳೆಯದಕ್ಕೆ ಎಷ್ಟು ದಿನವಾಯಿತು ಎಂಬುದೇ ತಿಳಿಯುವುದಿಲ್ಲ. ಡಬ್ಬಿಯ ಅಂಚಿಗೆ ಮೆತ್ತಿ ಒಣಗಿದ ಹಿಟ್ಟಿನ ಮೇಲೆ, ಅದೂ ಮಳೆಗಾಲದ ಕಾರವಾರದಲ್ಲಿ, ಬೂಷ್ಟು ಮೊದಲು ಹಿಡಿಯುತ್ತದೆ. ಸ್ಟೀಲ್ ಅಥವಾ ಗಾಜಿನ ಡಬ್ಬಿ ಒಳ್ಳೆಯದು. ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ ಬೇಡ, ಹುಳಿ ಲೋಹವನ್ನು ತಿನ್ನುತ್ತದೆ. ಮುಚ್ಚಳ ಬಿಗಿಯಬೇಡಿ, ಒಳಗೆ ಗಾಳಿ ಒತ್ತುತ್ತದೆ. ಮಳೆಯಲ್ಲಿ ಕರೆಂಟು ನಾಲ್ಕಾರು ತಾಸು ಹೋದರೆ ಸ್ಟಾರ್ಟರ್ ಕೆಡುವುದಿಲ್ಲ, ಇನ್ನಷ್ಟು ಹುಳಿಯಾಗುತ್ತದೆ ಅಷ್ಟೆ. ಪಕ್ಕದಲ್ಲಿಟ್ಟ ಹಾಲು, ಮೀನಿನ ವಿಷಯ ಬೇರೆ.

ಮಕ್ಕಳ ವಿಚಾರದಲ್ಲಿ ನಾನು ಹೆಚ್ಚು ಎಚ್ಚರ ವಹಿಸುವುದು ಬೆಂದ ಬಾರ್ ಬಗ್ಗೆ ಅಲ್ಲ, ಹಸಿ ಹಿಟ್ಟಿನ ಬಗ್ಗೆ. ಹಸಿ ಮೈದಾ, ಹಸಿ ಮೊಟ್ಟೆ ಸೇರಿದ ಮಿಶ್ರಣವನ್ನು ಪಾತ್ರೆಯಿಂದ ಬೆರಳಲ್ಲಿ ನೆಕ್ಕಲು ಬಿಡಬೇಡಿ. ಸ್ಟಾರ್ಟರ್ ಹುಳಿ ಇದೆ ಎಂದು ಹೊಸದಾಗಿ ಹಾಕಿದ ಹಿಟ್ಟೂ ಸುರಕ್ಷಿತವಾಗುವುದಿಲ್ಲ.

ಗೆಳತಿಯ ಮಾತು ಮಾತ್ರ ಪೂರ್ತಿ ತಪ್ಪು. ನಿಧಾನವಾಗಿ ಹುಳಿಬಂದ ಸೋರ್‌ಡೋ ಬ್ರೆಡ್ ಸಾಮಾನ್ಯ ಬಿಳಿ ಬ್ರೆಡ್ಡಿಗಿಂತ ರಕ್ತದ ಸಕ್ಕರೆಯನ್ನು ಸ್ವಲ್ಪ ನಿಧಾನವಾಗಿ ಏರಿಸಬಹುದು, ಆ ಮಾತಿಗೆ ಆಧಾರವಿದೆ. ಬಾರ್‌ನಲ್ಲಿ ಹುಳಿಬಂದ ಹಿಟ್ಟು ಒಂದು ಪಾಲು, ಉಳಿದದ್ದು ಹೊಸ ಮೈದಾ, ಹೆಚ್ಚುಕಡಿಮೆ ಒಟ್ಟು ಹಿಟ್ಟಿನಷ್ಟೇ ಬೆಲ್ಲ. ಕೆಳಗೆ ಹೇಳುವ ಅಳತೆಯಲ್ಲಿ 16 ತುಂಡು ಮಾಡಿದರೂ ಒಂದೊಂದರಲ್ಲಿ ಸುಮಾರು 11 ಗ್ರಾಂ ಬೆಲ್ಲ, 12 ಗ್ರಾಂ ಹಿಟ್ಟು ಇರುತ್ತದೆ. ಬೆಲ್ಲವೂ ಸಕ್ಕರೆಯೇ. ಮಾವನವರಿಗೆ ಇದು ಯಾವುದೇ ಸಿಹಿತಿಂಡಿಯಂತೆ, ವೈದ್ಯರು ಹೇಳಿದ ಮಿತಿಯೊಳಗೆ. ‘ಹೊಟ್ಟೆಗೆ ಒಳ್ಳೆಯ ಬ್ಯಾಕ್ಟೀರಿಯಾ ಸಿಗುತ್ತದೆ’ ಎನ್ನುವವರೂ ಇದ್ದಾರೆ. ಓವನ್ನಿನಿಂದ ಹೊರಬರುವಾಗ ಅವೆಲ್ಲ ಸತ್ತಿರುತ್ತವೆ. ಗೋಧಿಯ ಗ್ಲುಟನ್ (ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನ್) ಆಗದವರಿಗೂ ಇದು ಸಲ್ಲ. ಹುಳಿ ಬಂದರೂ ಗ್ಲುಟನ್ ಪೂರ್ತಿ ಹೋಗುವುದಿಲ್ಲ.

ಇನ್ನು ಮುಖ್ಯ ವಿಷಯ. ಬಾರ್‌ಗೆ ಹಾಕುವ ಹಳೆಯ ಸ್ಟಾರ್ಟರನ್ನು ಉಬ್ಬಿಸುವ ಸಾಮಗ್ರಿ ಎಂದು ಎಣಿಸಬೇಡಿ. ಅದರ ಬಲ ಮುಗಿದಿದೆ. ಇದ್ದರೂ ಅಷ್ಟು ಬೆಲ್ಲ, ಕೊಬ್ಬಿನ ನಡುವೆ ಯೀಸ್ಟ್ ಅರ್ಧ ತಾಸಿನಲ್ಲಿ ಏನೂ ಮಾಡಲಾರದು. ತಕ್ಕಡಿಯ ಮುಂದೆ ಅದು ಬರೀ ಹಿಟ್ಟು, ನೀರು, ಹುಳಿ. ಸಮತೂಕದ ಹಿಟ್ಟು-ನೀರು ಹಾಕಿ ಸಾಕಿದ ಸ್ಟಾರ್ಟರ್ 200 ಗ್ರಾಂ ಎಂದರೆ 100 ಗ್ರಾಂ ಹಿಟ್ಟು, 100 ಗ್ರಾಂ ನೀರು. ನೀವು ಆ ನೀರನ್ನು ಎಲ್ಲಿಂದಲೂ ಕಳೆಯಲಿಲ್ಲ.

ಲೆಕ್ಕ ಹಾಕಿ ನೋಡಿ. ಸ್ಟಾರ್ಟರ್‌ನ 100 ಗ್ರಾಂ ನೀರಿಗೆ ಎರಡು ಮೊಟ್ಟೆಯ ಸುಮಾರು 75 ಗ್ರಾಂ, ಬೆಣ್ಣೆಯೊಳಗಿನ 15 ಗ್ರಾಂ ಸೇರಿಸಿ. ಜೋನಿಬೆಲ್ಲ ಗಟ್ಟಿಬೆಲ್ಲದಷ್ಟು ಕಾಯಿಸಿದ್ದಲ್ಲ, ಅದರಲ್ಲಿ ಕಾಲು ಭಾಗಕ್ಕೂ ಮೀರಿ ನೀರಿರುತ್ತದೆ. ಆಲೆಮನೆಯಲ್ಲಿ ಯಾವ ಹದಕ್ಕೆ ಇಳಿಸಿದರು ಎಂಬುದರ ಮೇಲೆ ಹೆಚ್ಚುಕಡಿಮೆ. 250 ಗ್ರಾಂನಲ್ಲಿ 70 ಗ್ರಾಂ ಎಂದಿಟ್ಟುಕೊಳ್ಳಿ. ಒಟ್ಟು 260 ಗ್ರಾಂ ನೀರು. ಹಿಟ್ಟು ಸ್ಟಾರ್ಟರ್‌ನದ್ದು 100, ಕಪ್ಪಿನದ್ದು 125, ಒಟ್ಟು 225 ಗ್ರಾಂ. ಅಂದರೆ 100 ಗ್ರಾಂ ಹಿಟ್ಟಿಗೆ 115 ಗ್ರಾಂ ನೀರು. ಜಗಿಯಲು ಸಿಗುವಂಥ ಮೆತ್ತನೆಯ ಬಾರ್‌ಗೆ ಬೇಕಾದದ್ದು 45ರಿಂದ 55. ನೀವು ಎರೆದದ್ದು ತೆಳು ಕೇಕಿನ ಹಿಟ್ಟು, ಅದನ್ನು ಬೇಯಿಸಿದ್ದು ಬಾರ್‌ನ ಹೊತ್ತಿನಲ್ಲಿ.

ಅಂಚು ಕರಕಲಾದದ್ದಕ್ಕೂ ಜೋನಿಬೆಲ್ಲವೇ ಪಾಲುದಾರ. ಅದರಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಬಿಡಿಬಿಡಿಯಾಗಿ ಹೆಚ್ಚಿರುತ್ತವೆ. ಅವು ಸಾಮಾನ್ಯ ಸಕ್ಕರೆಗಿಂತ ಕಡಿಮೆ ಶಾಖಕ್ಕೇ ಕಂದುತ್ತವೆ, ಗಾಳಿಯ ತೇವವನ್ನೂ ಬೇಗ ಹೀರುತ್ತವೆ. ಜೋನಿಬೆಲ್ಲ ಗಟ್ಟಿಯಾಗದೆ ಹಾಗೇ ಉಳಿಯುವುದಕ್ಕೂ ಇದು ಒಂದು ಕಾರಣ. ನಡುವಿನ ನೀರು ಆವಿಯಾಗುವ ಮೊದಲೇ ಅಂಚಿನ ಬೆಲ್ಲ ಹತ್ತಿಕೊಂಡಿತು. ಎರಡನೇ ಸಲ ಸೋಡಾ ಹೆಚ್ಚಾದದ್ದರಿಂದ ಕಂದುವುದು ಇನ್ನೂ ಜೋರಾಗಿರಬೇಕು. ಕ್ಷಾರ ಹೆಚ್ಚಿದಷ್ಟೂ ಬಣ್ಣ ಬೇಗ ತಿರುಗುತ್ತದೆ.

ಸೋಡಾ ವಿಚಾರದಲ್ಲಿ ಬಹಳ ಮಂದಿ ಎಡವುತ್ತಾರೆ. ಹುಳಿ ಹೆಚ್ಚಿದ್ದರೆ ಸೋಡಾ ಹೆಚ್ಚಿಸು ಎಂಬುದು ಒಂದು ಮಟ್ಟದವರೆಗೆ ಮಾತ್ರ ನಿಜ. ಚೆನ್ನಾಗಿ ಹುಳಿಬಂದ 150 ಗ್ರಾಂ ಸ್ಟಾರ್ಟರ್‌ನ ಹುಳಿ ಮುರಿಯಲು ಸುಮಾರು ಕಾಲು ಟೀ ಚಮಚ, ಅಂದರೆ ಒಂದೂಕಾಲು ಗ್ರಾಂ ಸೋಡಾ ಸಾಕು. 200 ಗ್ರಾಂಗೆ ಚಮಚದ ಮೂರನೇ ಒಂದು ಭಾಗ. ನೀವು ಹಾಕಿದ ಒಂದು ಚಮಚದಲ್ಲಿ ಐದು ಗ್ರಾಂ ಇರುತ್ತದೆ. ಎದುರಿಗೆ ಹುಳಿ ಸಿಗದೆ ಉಳಿದ ಸೋಡಾ ಸಾಬೂನಿನ ರುಚಿ ಕೊಟ್ಟಿತು. ಬೂಷ್ಟಿಗೂ ಅದೇ ದಾರಿ ಮಾಡಿಕೊಟ್ಟಿತು: ಸ್ಟಾರ್ಟರ್‌ನ ಹುಳಿ ಬೂಷ್ಟನ್ನು ತಡೆಯುವ ಕಾವಲು, ಅದನ್ನು ನೀವು ಪೂರ್ತಿ ತೆಗೆದುಹಾಕಿದಿರಿ, ಒಳಗೆ ನೀರು ಹಾಗೇ ಉಳಿದಿತ್ತು. ಬೆಲ್ಲದ ಗುಣವೂ ಮನೆಗೊಂದು. ಕಬ್ಬಿನ ಹಾಲು ತಿಳಿಗೊಳಿಸಲು ಆಲೆಮನೆಯಲ್ಲಿ ಸುಣ್ಣ ಹಾಕುವ ರೂಢಿಯಿದೆ, ಅದರ ಪ್ರಮಾಣದಂತೆ ಬೆಲ್ಲದ ಹುಳಿ ಬದಲಾಗುತ್ತದೆ. ಹೀಗಾಗಿ ಹೊಸ ಬೆಲ್ಲ ತಂದಾಗ ಸೋಡಾ ಕಡಿಮೆಯಿಂದಲೇ ಶುರುಮಾಡಿ. ತುಸು ಹುಳಿ ಉಳಿದರೆ ಬೆಲ್ಲದೊಂದಿಗೆ ಅದು ಚೆನ್ನಾಗಿಯೇ ಹೊಂದುತ್ತದೆ. ಸೋಡಾ ಹೆಚ್ಚಾದರೆ ಏನು ಮಾಡಿದರೂ ಸರಿಹೋಗದು.

ನಿಮ್ಮ ಸಾಮಗ್ರಿಗಳನ್ನೇ ಇಟ್ಟುಕೊಂಡು ಅಳತೆ ಹೀಗೆ ತಿದ್ದಬಹುದು. 20 ಸೆಂ.ಮೀ. (8 ಇಂಚು) ಚೌಕದ ಟಿನ್ನಿಗೆ: ಸ್ಟಾರ್ಟರ್ 100 ಗ್ರಾಂ, ಮೈದಾ 140 ಗ್ರಾಂ, ಪುಡಿಮಾಡಿದ ಗಟ್ಟಿಬೆಲ್ಲ 180 ಗ್ರಾಂ, ತುಪ್ಪ 95 ಗ್ರಾಂ, ಮೊಟ್ಟೆ ಒಂದು, ಹುರಿದ ಗೇರುಬೀಜ 80 ಗ್ರಾಂ, ಏಲಕ್ಕಿ ಪುಡಿ ಅರ್ಧ ಟೀ ಚಮಚ, ಉಪ್ಪು ಕಾಲು ಚಮಚ, ಸೋಡಾ ಕಾಲು ಚಮಚಕ್ಕೆ ತುಸು ಕಡಿಮೆ. ನೂರಕ್ಕೆ ಐವತ್ತರ ಸುತ್ತ ನೀರು ಬರುತ್ತದೆ. ಇಲ್ಲಿ ಬೆಣ್ಣೆ ಬಿಟ್ಟು ತುಪ್ಪ ಹಿಡಿದದ್ದು ಪರಿಮಳಕ್ಕಷ್ಟೇ ಅಲ್ಲ. ತುಪ್ಪದಲ್ಲಿ ನೀರಿಲ್ಲ, ಸ್ಟಾರ್ಟರ್ ತರುವ ನೀರಿಗೆ ಅಷ್ಟು ಜಾಗ ಸಿಗುತ್ತದೆ. ಬೆಣ್ಣೆಯೇ ಬೇಕೆಂದರೆ 115 ಗ್ರಾಂ ತೆಗೆದುಕೊಂಡು, ನೊರೆ ಅಡಗಿ ತಳದ ಗಷ್ಟು ಹೊಂಬಣ್ಣಕ್ಕೆ ತಿರುಗುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಿ, ಗಷ್ಟು ಸಹಿತ ಹಾಕಿ.

ಸ್ಟಾರ್ಟರನ್ನು ಫ್ರಿಜ್ಜಿನಿಂದ ಒಂದು ತಾಸು ಮೊದಲೇ ತೆಗೆದಿಡಿ. ತಣ್ಣಗಿದ್ದರೆ ತುಪ್ಪ ಅದರಲ್ಲಿ ಹರಳುಗಟ್ಟುತ್ತದೆ, ಬೇಯುವಾಗ ಅಲ್ಲಲ್ಲಿ ಎಣ್ಣೆಯ ಕುಳಿ ಬೀಳುತ್ತದೆ. ಬೆಲ್ಲವನ್ನು ಜರಡಿ ಹಿಡಿದು ಕಲ್ಲು, ಕಸ ತೆಗೆಯಿರಿ; ಪಾಯಸಕ್ಕೆ ಮಾಡುವಂತೆ ನೀರಲ್ಲಿ ಕರಗಿಸಿ ಸೋಸಿದರೆ ಮತ್ತೆ ನೀರಿನ ಕಾಟ. ಬೆಲ್ಲ, ಮೊಟ್ಟೆ, ಸ್ಟಾರ್ಟರ್ ಸೇರಿಸಿ ಎರಡು ನಿಮಿಷ ಕದಡಿ ಹತ್ತು ನಿಮಿಷ ಬಿಡಿ. ಬೆಲ್ಲ ತುಪ್ಪದಲ್ಲಿ ಕರಗುವುದಿಲ್ಲ, ಕರಗುವುದಿದ್ದರೆ ಈ ಹಂತದಲ್ಲೇ ಕರಗಬೇಕು. ಆಮೇಲೆ ಉಗುರುಬೆಚ್ಚಗಿನ ತುಪ್ಪವನ್ನು ಸಣ್ಣ ಧಾರೆಯಾಗಿ ಸೇರಿಸಿ. ಸೋಡಾವನ್ನು ಸ್ಟಾರ್ಟರ್‌ಗೆ ನೇರ ಹಾಕಬೇಡಿ, ಅಲ್ಲೇ ನೊರೆಯೆದ್ದು ಗಾಳಿಯೆಲ್ಲ ಪಾತ್ರೆಯಲ್ಲೇ ಖರ್ಚಾಗುತ್ತದೆ. ಮೈದಾ, ಉಪ್ಪು, ಏಲಕ್ಕಿಯ ಜೊತೆ ಜರಡಿ ಹಿಡಿದು ಕೊನೆಗೆ ಹಾಕಿ, ಒಣ ಹಿಟ್ಟು ಕಾಣದಷ್ಟು ಮಾತ್ರ ಮಗುಚಿ. ಹೆಚ್ಚು ಕಲಸಿದರೆ ಹೊಸ ಮೈದಾದ ಗ್ಲುಟನ್ ಬಿಗಿದು ಬಾರ್ ರಬ್ಬರಿನಂತಾಗುತ್ತದೆ. ಹಳೆಯ ಸ್ಟಾರ್ಟರ್‌ನ ಗ್ಲುಟನ್ ಹೇಗೂ ಸಡಿಲವಾಗಿರುತ್ತದೆ. ಅದು ಬ್ರೆಡ್ಡಿಗೆ ನಷ್ಟ, ಬಾರ್‌ಗೆ ಲಾಭ. ಹಿಟ್ಟು ಚಮಚದಿಂದ ಜಾರದೆ ಧೊಪ್ಪನೆ ಬೀಳುವ ಹದದಲ್ಲಿರಬೇಕು. ಹರಿದುಹೋಗುವಂತಿದ್ದರೆ ನಿಮ್ಮ ಸ್ಟಾರ್ಟರ್ ಸಮತೂಕದ್ದಲ್ಲ, ಎರಡು ಚಮಚ ಮೈದಾ ಸೇರಿಸಿ. ಕಲಸಿದ ಮೇಲೆ ಕಾಲು ತಾಸಿನೊಳಗೆ ಓವನ್ನಿಗೆ ಹೋಗಬೇಕು.

ಶಾಖ 170 ಡಿಗ್ರಿ, ಮೇಲೆ-ಕೆಳಗೆ ಎರಡೂ ರಾಡ್, ನಡುವಿನ ಜಾಲರಿ, ಮೊದಲೇ 15 ನಿಮಿಷ ಕಾಯಿಸಿದ ಓವನ್. ಟಿನ್ನಿಗೆ ಬಟರ್ ಪೇಪರ್ ಹಾಸಿ. ಮನೆಯ ಓಟಿಜಿಗಳ ಗುಂಡಿ ತೋರಿಸುವ ಶಾಖಕ್ಕೂ ಒಳಗಿನ ಶಾಖಕ್ಕೂ 15–20 ಡಿಗ್ರಿ ವ್ಯತ್ಯಾಸ ಸಾಮಾನ್ಯ, ಒಳಗಿಡುವ ಓವನ್ ಥರ್ಮಾಮೀಟರ್ ಒಂದು ಕೊಂಡರೆ ಈ ಜಗಳ ಮುಗಿಯುತ್ತದೆ. ಕಪ್ಪು ಟಿನ್ ಆದರೆ ಹತ್ತು ಡಿಗ್ರಿ ಇಳಿಸಿ. 24ನೇ ನಿಮಿಷಕ್ಕೆ ನೋಡಲು ಶುರುಮಾಡಿ, ಮೇಲೆ ಬೇಗ ಕಂದಿದರೆ ಫಾಯಿಲ್ ಹೊದಿಸಿ. ನಡುವೆ ಚುಚ್ಚಿದ ಕಡ್ಡಿಗೆ ಹಸಿ ಹಿಟ್ಟು ಅಂಟಬಾರದು, ಒದ್ದೆ ಪುಡಿ ಅಂಟಿದರೆ ಸರಿ. ಥರ್ಮಾಮೀಟರ್ ಇದ್ದರೆ ನಡುವೆ 92ರಿಂದ 95 ಡಿಗ್ರಿ. ಆಮೇಲೆ ತಾಳ್ಮೆ: ಟಿನ್ನಿನಲ್ಲೇ ಪೂರ್ತಿ ಆರಬೇಕು, ಎರಡು ತಾಸಾದರೂ ಬೇಕು. ಬಿಸಿಯಲ್ಲಿ ಕತ್ತರಿಸಿದರೆ ಸರಿಯಾಗಿ ಬೆಂದದ್ದೂ ಅಂಟಾಗಿಯೇ ಕಾಣುತ್ತದೆ.

ಶಿರಸಿಯ ಮನೆಗೆ ಕಳಿಸುವುದಾದರೆ ಮೊಟ್ಟೆ ಬೇಡವಾಗಬಹುದು. ಆಗ ಸ್ಟಾರ್ಟರ್ 120, ಮೈದಾ 130, ಹಾಲು ಎರಡು ದೊಡ್ಡ ಚಮಚ, ಹಾಲಿನ ಪುಡಿ ಎರಡು ದೊಡ್ಡ ಚಮಚ, ಉಳಿದದ್ದು ಹಾಗೇ. ಹಾಲನ್ನು ಕೊನೆಗೆ, ಹಿಟ್ಟಿನ ಜೊತೆ ಹಾಕಿ. ಸ್ವಲ್ಪ ದಟ್ಟವಾಗಿ, ಪುಡಿಪುಡಿಯಾಗಿ ಬರುತ್ತದೆ, ಫ್ರಿಜ್ಜಿನಲ್ಲಿಟ್ಟು ಕತ್ತರಿಸಿದರೆ ಅಂಚು ಚೆನ್ನಾಗಿರುತ್ತದೆ. ಒಂದು ಮಾತು ನೆನಪಿಡಿ: ಒಟ್ಟು ಹಿಟ್ಟಿನಲ್ಲಿ ಸ್ಟಾರ್ಟರ್‌ನ ಹಿಟ್ಟು ಮೂರನೇ ಒಂದು ಭಾಗ ದಾಟಿದರೆ ಬಾರ್ ಬ್ರೆಡ್ಡಿನ ಕಡೆ ವಾಲುತ್ತದೆ. ಡಬ್ಬಿ ಖಾಲಿಯಾಗಲಿ ಎಂದು ಅಳತೆ ಹೆಚ್ಚಿಸುವ ಆಸೆ ಬೇಡ. ಮೈದಾದ ಅರ್ಧ ಪಾಲನ್ನು ಗೋಧಿಹಿಟ್ಟಿಗೆ ಬದಲಿಸಬಹುದು, ಅದು ನೀರು ಹೆಚ್ಚು ಹೀರುವುದರಿಂದ ತೊಂದರೆಯಿಲ್ಲ.

ಜೋನಿಬೆಲ್ಲದ ಪರಿಮಳ ಬಿಡಲು ಮನಸ್ಸಿಲ್ಲ ಎಂದರೆ 60 ಗ್ರಾಂ ಜೋನಿಬೆಲ್ಲ, 130 ಗ್ರಾಂ ಗಟ್ಟಿಬೆಲ್ಲ ಹಾಕಿ, ಶಾಖವನ್ನು 165ಕ್ಕೆ ಇಳಿಸಿ, ಮೂರ್ನಾಲ್ಕು ನಿಮಿಷ ಹೆಚ್ಚು ಬೇಯಿಸಿ. ಇದಕ್ಕಿಂತ ನನಗೆ ಇಷ್ಟವಾದ ದಾರಿ ಇನ್ನೊಂದು. ತುರಿದ ತೆಂಗಿನಕಾಯಿ 100 ಗ್ರಾಂ, ಜೋನಿಬೆಲ್ಲ 100 ಗ್ರಾಂ ಬಾಣಲೆಗೆ ಹಾಕಿ, ಕಡುಬಿನ ಹೂರಣದಂತೆ ತಳ ಬಿಡುವವರೆಗೆ ಗೊಟಾಯಿಸಿ. 20 ನಿಮಿಷ ಬೆಂದು ಮೇಲ್ಮೈ ಗಟ್ಟಿಯಾದ ಬಾರ್ ಮೇಲೆ ಹರಡಿ ಮತ್ತೆ ಎಂಟು-ಹತ್ತು ನಿಮಿಷ ಓವನ್ನಿಗಿಡಿ. ನೀರು ಬಾಣಲೆಯಲ್ಲೇ ಹೋಗಿರುತ್ತದೆ, ಪರಿಮಳ ನಾಲಿಗೆಗೆ ಮೊದಲು ತಾಗುತ್ತದೆ. ಹೀಗೆ ಮಾಡುವಾಗ ತಳದ ಬೆಲ್ಲವನ್ನು 140ಕ್ಕೆ ಇಳಿಸಿ. ಹಸಿ ಕಾಯಿಯ ಪದರವಿರುವ ಬಾರ್ ಹೊರಗೆ ಒಂದು ದಿನ ಮಾತ್ರ.

ಕರಿ ಈಶಾಡ ಮಾವಿನ ತಿರುಳು, ಹಲಸಿನ ತೊಳೆ ಹಾಕಬಹುದೇ ಎಂದು ಕೇಳುವವರಿದ್ದಾರೆ. ಅವುಗಳಲ್ಲಿ ಮುಕ್ಕಾಲು ಪಾಲು ನೀರು, ಗೊಟಾಯಿಸಿ ಗಟ್ಟಿ ಮಾಡದೆ ಬೇಡ. ಮುರುಗಲು (ಕೋಕಂ) ಹಾಕಿದರೆ ಹುಳಿಯ ಮೇಲೆ ಹುಳಿ, ಸೋಡಾ ತಾಗಿದಲ್ಲಿ ಅದರ ಕೆಂಪು ಬಣ್ಣವೂ ಮಾಸುತ್ತದೆ.

ಆರಿದ ಬಾರ್ ಮಳೆಗಾಲದ ಕರಾವಳಿಯಲ್ಲಿ ಹೊರಗೆ ಎರಡು ದಿನ, ಫ್ರಿಜ್ಜಿನಲ್ಲಿ ಒಂದು ವಾರ ಬಾಳುತ್ತದೆ. ಸ್ವಲ್ಪ ಬಿಸಿ ಇರುವಾಗಲೇ ಡಬ್ಬಿಗೆ ಹಾಕಿದರೆ ಮುಚ್ಚಳದಿಂದ ತೊಟ್ಟಿಕ್ಕುವ ನೀರೇ ಬೂಷ್ಟಿಗೆ ಸಾಕು. ಬೂಷ್ಟು ಬಂದ ನಿಮ್ಮ ಬಾರ್ ಉಳಿದಿದ್ದರೆ ಎಸೆಯಿರಿ. ಮುಂದೆ ಎಂದಾದರೂ ಬೂಷ್ಟಿಲ್ಲದೆ ಬರೀ ನಡು ಅಂಟಾದರೆ ಬಿಸಾಡಬೇಕಿಲ್ಲ. ಬೆರಳಗಲ ತುಂಡು ಮಾಡಿ 140 ಡಿಗ್ರಿಯಲ್ಲಿ, ನಡುವೆ ಒಮ್ಮೆ ಮಗುಚಿ, 20–25 ನಿಮಿಷ ಒಣಗಿಸಿದರೆ ಚಹಾದ ಜೊತೆಗೆ ಟೋಸ್ಟಿನಂತೆ ಆಗುತ್ತದೆ.

ಈಗ ನಿಮ್ಮ ಫ್ರಿಜ್ಜಿನಲ್ಲಿರುವ ಡಬ್ಬಿ. ಬಣ್ಣ, ವಾಸನೆ ಸರಿಯಿದ್ದರೆ ಈ ಮೂರು ವಾರದ ಹಿಟ್ಟನ್ನು ಈರುಳ್ಳಿ, ಹಸಿಮೆಣಸು ಹಾಕಿ ದೋಸೆ ಹುಯ್ದು ಮುಗಿಸಿ, ಅಲ್ಲಿ ಹುಳಿ ಒಪ್ಪುತ್ತದೆ. ಬಾರ್‌ಗೆ ಒಂದು ವಾರದೊಳಗಿನದ್ದೇ ಆಗಬೇಕು. ತೆಗೆದ ದಿನವೇ 100 ಗ್ರಾಂನಂತೆ ಸಣ್ಣ ಪೊಟ್ಟಣ ಕಟ್ಟಿ, ತಾರೀಖು ಬರೆದು ಫ್ರೀಜರಿನಲ್ಲಿಟ್ಟರೆ ಎರಡು ತಿಂಗಳು ಹುಳಿ ಹೆಚ್ಚದೆ ಇರುತ್ತದೆ. ಇಷ್ಟೊಂದು ಉಳಿಯುವುದಕ್ಕೆ ಕಾರಣ ನೀವು ಸಾಕುತ್ತಿರುವ ಸ್ಟಾರ್ಟರ್ ದೊಡ್ಡದಾಗಿರುವುದು. ಹತ್ತು ಗ್ರಾಂ ಹಳೆಯದಕ್ಕೆ 50 ಗ್ರಾಂ ಹಿಟ್ಟು, 50 ಗ್ರಾಂ ನೀರು ಸಾಕು. ಕಾರವಾರದ ಏಪ್ರಿಲ್-ಮೇ ಸೆಕೆಯಲ್ಲಿ ಹಳೆಯದು, ಹಿಟ್ಟು, ನೀರು ಮೂರನ್ನೂ ಸಮ ಹಾಕಿದ ಸ್ಟಾರ್ಟರ್ ಮೂರ್ನಾಲ್ಕು ತಾಸಿಗೇ ಉಬ್ಬಿ ಇಳಿಯುತ್ತದೆ. ಒಂದಕ್ಕೆ ಐದರ ಈ ಅಳತೆಯಲ್ಲಿ ಅದಕ್ಕಿಂತ ಎಷ್ಟೋ ಹೊತ್ತು ತಡೆಯುತ್ತದೆ, ಹುಳಿಯೂ ಹಿಡಿತದಲ್ಲಿರುತ್ತದೆ. ಬ್ರೆಡ್ಡಿಗೆ 100 ಗ್ರಾಂ ಬಳಸಿ ಉಳಿದ ಹತ್ತು ಗ್ರಾಂಗೆ ಮತ್ತೆ ಹಿಟ್ಟು ಹಾಕಿದರೆ ತೆಗೆದಿಡಲು ಏನೂ ಉಳಿಯುವುದಿಲ್ಲ. ಬಾರ್ ಬೇಕಾದ ವಾರ ಮಾತ್ರ ಇಮ್ಮಡಿ ಮಾಡಿಕೊಳ್ಳಿ.